ಅಕ್ಷರಗುಂಡಿಗೆ ದಾರಿ ಯಾವುದು?

ಹಂಪಿಗೆ ಹೋದವರು ನೋಡಿರ್ತೀರಿ. ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಸ್ಥಾನದವರೆಗೆ ಪ್ರವಾಸಿಗರನ್ನು ಬ್ಯಾಟರಿ ಗಾಡಿಗಳಲ್ಲಿ ಕರೆದೊಯ್ಯುತ್ತಾರೆ. ಸ್ಟೇರಿಂಗ್ ಹಿಡಿದವರಲ್ಲಿ ಸ್ಥಳೀಯ ಹೆಣ್ಣುಮಕ್ಕಳೂ ಇದ್ದಾರೆ. ಮೈಸೂರಿನಲ್ಲಿ ಅಂಬಾರಿ ಡಬಲ್ ಡೆಕ್ಕರ್ ಬಸ್ಸು. 1971ರಲ್ಲಿ ಹುಟ್ಟಿದ ರಾಜ್ಯ ಪ್ರವಾಸೋದ್ಯಮ ನಿಗಮ 2008ರಲ್ಲಿ ಗೋಲ್ಡನ್ ಚಾರಿಯಟ್ ಅನ್ನೋ ಐಷಾರಾಮಿ ರೈಲಿಗೂ ಕೈಹಾಕಿತು. ಒಳ್ಳೆಯದೇ. ಆದರೆ ಈ ಪ್ರವಾಸಗಳ ಪಟ್ಟಿಯಲ್ಲಿ ಬ್ರಹ್ಮಗಿರಿ ಅನ್ನೋ ಹೆಸರನ್ನು ಎಷ್ಟು ಸಲ ಕೇಳಿದ್ದೀರಿ?

ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕು. ರೇಷ್ಮೆ ಸೀರೆಯಿಂದ ಈ ಊರು ನಿಮಗೆ ಗೊತ್ತು. ಅದೇ ತಾಲ್ಲೂಕಿನ ಬೆಟ್ಟದ ಬುಡದಲ್ಲೊಂದು ಬಂಡೆ. ಜನ ಅದನ್ನು ಅಕ್ಷರಗುಂಡು ಅಂತ ಕರೆದರು. ಅಕ್ಷರ ಯಾರದ್ದು? ಸಾಮ್ರಾಟ ಅಶೋಕನದ್ದು!

ಇದನ್ನು ಲೋಕಕ್ಕೆ ತೋರಿಸಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅದೇ ವರ್ಷ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ್ದ. 1892ರಲ್ಲಿ ರೈಸ್ ಇಲ್ಲಿ ಒಂದಲ್ಲ, ಮೂರು ಶಾಸನ ಕಂಡುಹಿಡಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ.

ಅದರಲ್ಲಿರೋದು ಒಂದು ಸರ್ಕಾರಿ ಪತ್ರ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳ ಕ್ಷೇಮ ವಿಚಾರಿಸಿ, ಚಕ್ರವರ್ತಿಯ ಮಾತು ತಲುಪಿಸುತ್ತಾರೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ, ಗುರುವನ್ನು ಗೌರವಿಸಿ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತೆ ಅನ್ನೋದು ಅದರ ತಿರುಳು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿ. ಆದರೆ ತಾನು ಲಿಪಿಕಾರ ಅನ್ನೋ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಅದು ಗಾಂಧಾರದ ಕಡೆಯ ಲಿಪಿ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು?

ಕಥೆ ಇಲ್ಲಿಗೆ ಮುಗಿಯಲ್ಲ. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಮೊದಲೇ ಅಗೆದಿದ್ದ ಈ ನೆಲವನ್ನು 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮತ್ತೆ ಅಗೆದರು. ಅರಿಕಮೇಡುವಿನಲ್ಲಿ ರೋಮ್ ವ್ಯಾಪಾರದ ವಸ್ತುಗಳ ಜೊತೆ ಸಿಕ್ಕಿದ್ದಂಥ ಮಡಕೆ ಚೂರು ಇಲ್ಲೂ ಸಿಕ್ಕಿತು. ಅದನ್ನೇ ಗುರುತು ಮಾಡಿಕೊಂಡು ಕೆಳಗೆ ಇಳಿದರೆ, ಬೃಹತ್ ಶಿಲಾಗೋರಿ ಕಟ್ಟಿದ ಜನ. ಅವರಿಗೂ ಕೆಳಗೆ ಕಲ್ಲಿನ ಕೊಡಲಿಯ ಜನ. ದಕ್ಷಿಣ ಭಾರತದ ಪ್ರಾಚೀನ ಕಾಲವನ್ನು ಪದರ ಪದರವಾಗಿ ಲೆಕ್ಕ ಹಾಕೋಕೆ ದಾರಿ ತೋರಿಸಿದ ಜಾಗ ಇದು.

ಇಷ್ಟಾದರೂ ಪ್ರವಾಸ ಅಂದ್ರೆ ನಮಗೆ ಗೋಪುರ ಬೇಕು, ಕೆತ್ತನೆ ಬೇಕು, ಸೆಲ್ಫಿಗೆ ಹಿನ್ನೆಲೆ ಬೇಕು. ಬ್ರಹ್ಮಗಿರಿಯಲ್ಲಿ ಅದ್ಯಾವುದೂ ಇಲ್ಲ. ಹೇಳುವವರು ಇಲ್ಲದಿದ್ದರೆ ಬಂಡೆ ಬರೀ ಬಂಡೆ. ಹಂಪಿಯ ಕಲ್ಲು ತಾನೇ ಮಾತಾಡುತ್ತೆ. ಇಲ್ಲಿನ ಕಲ್ಲನ್ನು ಓದಿ ಹೇಳಬೇಕು. ಅದಕ್ಕೇ ಇಲ್ಲಿ ಬಸ್ಸಿಗಿಂತ ಮೊದಲು ಬೇಕಾಗಿರೋದು ಗೈಡ್.

ಮೂರು ಶಾಸನ, ಮೊಳಕಾಲ್ಮೂರಿನ ಮಗ್ಗ, ಚಂದ್ರವಳ್ಳಿ, ದುರ್ಗದ ಕೋಟೆ. ಇವನ್ನು ಒಂದು ದಾರದಲ್ಲಿ ಪೋಣಿಸಿ, ಅದೇ ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ನೋಡಿ. ಬರಕ್ಕೆ ಹೆಸರಾದ ಸೀಮೆಗೆ ನಾಲ್ಕು ಕಾಸು ಬರುತ್ತೆ. ಬಂಡೆಯನ್ನು ಕಾಯೋ ಕಣ್ಣುಗಳೂ ಹುಟ್ಟುತ್ತವೆ. ಗಾಂಧಾರದ ಲಿಪಿ ಬಲ್ಲ ಚಪಡ ಇಲ್ಲಿವರೆಗೆ ಬಂದಿದ್ದ. ಬೆಂಗಳೂರಿನವರಿಗೆ ಇದು ದೂರವೇ?