ಒಲೆ ಮಾಡುತ್ತಿದ್ದ ಕೆಲಸಗಳು

ಪೊನ್ಕುಳಿಯಲ್ಲಿ ಕುಳಿತು ಮನೆ ಬೆಚ್ಚಗೆ ಮಾಡುವ ವಿಚಾರ ಬರೆದರೆ ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಓದುಗ ಬಂಧುಗಳಿಗೆ ನಗು ಬರಬಹುದು. ಅಲ್ಲಿ ವರ್ಷವಿಡೀ ಫ್ಯಾನು ತಿರುಗಬೇಕು. ನಮ್ಮದು ಮುತ್ತಂಗದಿಂದ ಮೂಲೆಹೊಳೆಗೆ ಹೋಗುವ ಹೆದ್ದಾರಿಯಲ್ಲಿ, ಕಾಡಿನ ನಡುವೆ, ಕರ್ನಾಟಕದ ಗಡಿಗೆ ತಾಗಿಕೊಂಡಂತಿರುವ ಊರು. ವಯನಾಡು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವ ಪ್ರಸ್ಥಭೂಮಿ. ಮಳೆಗಾಲದಲ್ಲಿ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಧನುರ್ಮಾಸದಲ್ಲಿ ಮಕ್ಕಳು ಕಂಬಳಿ ಬಿಟ್ಟು ಏಳುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಭಾಗದಲ್ಲಿ ಹಳೆ ಮನೆಗಳ ರಿಪೇರಿ ಜೋರಾಗಿದೆ. ಹಂಚು ಇಳಿಸಿ ತಾರಸಿ ಹಾಕುತ್ತಾರೆ, ಇಲ್ಲವೆ ಹಂಚಿನ ಕೆಳಗೆ ಸೀಲಿಂಗ್ ಹೊಡೆಸುತ್ತಾರೆ. ಮಕ್ಕಳು ಐರ್ಲೆಂಡ್, ಇಂಗ್ಲೆಂಡಿನಲ್ಲಿ ನರ್ಸ್ ಕೆಲಸದಲ್ಲಿರುವ ಮನೆಗಳವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಅಲ್ಲಿ ಮನೆ ಬಿಸಿ ಮಾಡಲು ಹೀಟ್ ಪಂಪ್ ಇದೆಯಂತೆ, ನಮ್ಮಲ್ಲೂ ಹಾಕಿಸಬಹುದೇ ಎಂದು. ಹಾಕಿಸಬಹುದು. ಆದರೆ ಅದಕ್ಕೂ ಮೊದಲು, ಇಷ್ಟು ಕಾಲ ನಮ್ಮ ಮನೆಗಳನ್ನು ಬೆಚ್ಚಗಿಟ್ಟದ್ದು ಯಾವುದು, ಗಾಳಿ ಎಲ್ಲಿಂದ ಬರುತ್ತಿತ್ತು ಎಂಬ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಪೊನ್ಕುಳಿಯಲ್ಲಿ ಕಾಟ್ಟುನಾಯ್ಕರ ಹಾಡಿ ಇದೆ. ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಅವರ ಹಳೆಯ ಗುಡಿಸಲು ಬಿದಿರಿನ ಗೋಡೆ, ಮಣ್ಣಿನ ಮೆತ್ತಿಗೆ, ಹುಲ್ಲಿನ ಮಾಡು. ಒಳಗೆ ಒಲೆ. ರಾತ್ರಿಯಿಡೀ ಒಂದು ಕೊಳ್ಳಿ ಕನಲುತ್ತಿರುತ್ತಿತ್ತು. ಹೊಗೆ ಹುಲ್ಲಿನ ಸಂದಿಯಿಂದ ತಾನಾಗಿ ಹೊರಗೆ ಹೋಗುತ್ತಿತ್ತು. ಹೋಗುವ ದಾರಿಯಲ್ಲಿ ಬಿದಿರಿಗೂ ಹುಲ್ಲಿಗೂ ಮಸಿ ಹಿಡಿಸಿ ಹುಳ ಬೀಳದಂತೆ ಕಾಯುತ್ತಿತ್ತು. ಬಿಸಿ ಗಾಳಿ ಮೇಲೆ ಹೋದಂತೆ ಗೋಡೆಯ ಬಿರುಕಿನಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು.

ರೈತರ ಮನೆಗಳಲ್ಲೂ ಕ್ರಮ ಇದೇ. ಒಲೆಯ ಮೇಲೆ ಅಟ್ಟ. ಮಲೆಯಾಳದಲ್ಲೂ ಅದಕ್ಕೆ ಅಟ್ಟಂ ಎಂದೇ ಹೆಸರು. ಬಿತ್ತನೆ ಬೀಜ, ಹುಣಸೆ, ಹಸಿ ಸೌದೆ ಎಲ್ಲ ಅಲ್ಲಿ ಒಣಗುತ್ತಿದ್ದವು. ಬಚ್ಚಲಿನ ಹಂಡೆಯ ಒಲೆ ಬೇರೆ. ಅಂದರೆ ಒಲೆ ಅಡಿಗೆ ಮಾಡುವುದರ ಜೊತೆಗೆ ಮನೆಯನ್ನು ಬಿಸಿ ಮಾಡುತ್ತಿತ್ತು, ತೇವ ತೆಗೆಯುತ್ತಿತ್ತು, ಗಾಳಿ ಎಳೆಯುತ್ತಿತ್ತು, ಮರಮಟ್ಟು ಕಾಯುತ್ತಿತ್ತು. ಇದಕ್ಕೆಲ್ಲ ಬೆಲೆ ತೆತ್ತದ್ದು ನಮ್ಮ ಅಮ್ಮಂದಿರ ಕಣ್ಣು, ಶ್ವಾಸಕೋಶ. ಹಳೆಯದನ್ನು ಹೊಗಳುವಾಗ ಈ ಮಾತನ್ನು ಬಿಟ್ಟು ಹೊಗಳುವವರು ನಮಗೆ ಇಷ್ಟವಿಲ್ಲ.

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಮಲಬಾರಿನಲ್ಲೂ ಕಾರ್ಖಾನೆಗಳಾದವು. ಹುಲ್ಲು ಹೋಗಿ ಹಂಚು ಬಂದರೂ ಗಾಳಿಯ ದಾರಿ ಮುಚ್ಚಲಿಲ್ಲ. ಹಂಚಿಗೂ ಹಂಚಿಗೂ ನಡುವೆ ಸಂದಿ ಇದ್ದೇ ಇರುತ್ತದೆ. ಬೆಳಕಿಗೆ ಒಂದು ಗಾಜಿನ ಹಂಚು ಇಟ್ಟರಾಯಿತು. ಕಾಫಿ, ಚಹಾ ತೋಟಗಳ ಬಿಳಿಯ ಮಾಲೀಕರು ಬಂಗಲೆಗಳಲ್ಲಿ ತಮ್ಮ ದೇಶದ ಪದ್ಧತಿಯಂತೆ ಅಗ್ಗಿಷ್ಟಿಕೆ, ಚಿಮಣಿ ಕಟ್ಟಿಸಿಕೊಂಡರು. ಅಂಥ ಅಗ್ಗಿಷ್ಟಿಕೆಯ ಬಿಸಿಯಲ್ಲಿ ಹೆಚ್ಚು ಪಾಲು ಚಿಮಣಿಯಲ್ಲೇ ಹೋಗುತ್ತದೆ. ಆದರೂ ಕೋಣೆಯ ಗಾಳಿಯನ್ನು ಅದು ಚೆನ್ನಾಗಿ ಬದಲಿಸುತ್ತದೆ.

ಹೊಗೆಯ ಕಷ್ಟಕ್ಕೆ ಮದ್ದು ಹುಡುಕಿದವರಲ್ಲಿ ಕನ್ನಡನಾಡಿನವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಚಿಮಣಿ ಇತ್ತು, ಸೌದೆ ಕಡಿಮೆ ಸಾಕಿತ್ತು. 1980ರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ತಲುಪಿತು. ಆಮೇಲೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲ ಯೋಜನೆಯೂ ಬಂತು. ಹೊಗೆ ಹೋಯಿತು, ಒಳ್ಳೆಯದೇ ಆಯಿತು. ಆದರೆ ಒಲೆಯ ಉಳಿದ ಕೆಲಸಗಳನ್ನು ಯಾರಿಗೆ ಒಪ್ಪಿಸಿದೆವು?

ತಾರಸಿ ಮನೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟುವುದು ಇಲ್ಲಿಂದಲೇ. ನಾಲ್ಕು ಜನ ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಉಸಿರು ಬೆವರುಗಳಿಂದ ಒಂದು ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಕಿಟಕಿ ಮುಚ್ಚಿದ್ದರೆ ಆ ನೀರು ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಇನ್ನು ಚಳಿಗೆಂದು ಮುಚ್ಚಿದ ಕೋಣೆಯೊಳಗೆ ಕೆಂಡದ ಬಾಣಲೆ ಇಟ್ಟುಕೊಳ್ಳುವುದಂತೂ ಪ್ರಾಣಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಂದಿಗಳಿದ್ದ ಗುಡಿಸಲಿನಲ್ಲಿ ನಡೆದದ್ದು ಸೀಲಿಂಗ್ ಹೊಡೆದ ಕೋಣೆಯಲ್ಲಿ ನಡೆಯುವುದಿಲ್ಲ.

ಯುರೋಪಿನವರಿಗೂ ಇದೇ ಪಾಠವಾಗಿದೆ. 1973ರಲ್ಲಿ ತೈಲದ ಬೆಲೆ ಏರಿದಾಗ ಬಿಸಿ ಉಳಿಸಲೆಂದು ಅವರು ಮನೆಯ ಸಂದಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದರು. ಬೂಷ್ಟು, ಕೆಟ್ಟ ಗಾಳಿಯ ದೂರು ಶುರುವಾಯಿತು. ಹೊರಗೆ ಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರಗಳು ಆಮೇಲೆ ಅಲ್ಲಿ ಬಳಕೆಗೆ ಬಂದವು.

ಈಗ ಹೀಟ್ ಪಂಪ್. ಇದು ಫ್ರಿಜ್ಜಿನ ತತ್ವವೇ. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂಬದಿಗೆ ತಂದು ಹಾಕುತ್ತದೆ, ಇದು ಹೊರಗಿನ ಗಾಳಿಯ ಬಿಸಿಯನ್ನು ಕೋಣೆಗೆ ತಂದು ಹಾಕುತ್ತದೆ. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಈ ವಿಚಾರವನ್ನು ಹೇಳಿದ್ದು 1852ರಲ್ಲಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಹಳೆಯ ರಾಟ್‌ಹೌಸ್ ಕಟ್ಟಡಕ್ಕೆ 1938ರ ಹೊತ್ತಿಗೆ ನದಿಯ ನೀರಿನಿಂದ ಬಿಸಿ ತೆಗೆಯುವ ಯಂತ್ರ ಬಂದಿತ್ತು. ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಹೊರಗಿನ ಚಳಿ ಕಡಿಮೆಯಿದ್ದಷ್ಟೂ ಲಾಭ ಹೆಚ್ಚು. ನಮ್ಮ ಚಳಿ ಆ ಯಂತ್ರಕ್ಕೆ ಚಳಿಯೇ ಅಲ್ಲ ಬಿಡಿ. ಅಂಗಡಿಗಳಲ್ಲಿ 'ಹಾಟ್ ಆಂಡ್ ಕೋಲ್ಡ್' ಎಂದು ಮಾರುವ ಏಸಿಯೂ ಇದೇ ಜಾತಿಯದು.

ಆದರೆ ಸಾಮಾನ್ಯ ಏಸಿಯಂತೆ ಇದೂ ಕೋಣೆಯ ಅದೇ ಗಾಳಿಯನ್ನು ಸುತ್ತಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಬಿಸಿ ಹೋಗುತ್ತದೆಂದು ಗಾಳಿಯ ದಾರಿ ಮುಚ್ಚುವವರಿಗಾಗಿ, ಹತ್ತನೇ ತರಗತಿಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ. ಒಂದು ಘನ ಮೀಟರ್ ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 1200 ಜೂಲ್ ಬೇಕು. ಹೊರಗಿಗಿಂತ ಒಳಗೆ 8 ಡಿಗ್ರಿ ಹೆಚ್ಚಿದ್ದು, ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾದರೆ ಆಗುವ ನಷ್ಟ 96 ವ್ಯಾಟ್. ಅದೇ ಕೋಣೆಯ 12 ಚದರ ಮೀಟರ್ ಬರಿಯ ಕಾಂಕ್ರೀಟ್ ತಾರಸಿಯಿಂದ ಹೋಗುವುದು ಸುಮಾರು 300 ವ್ಯಾಟ್. ಹಾಗಾಗಿ ಹಣವಿದ್ದರೆ ಮೊದಲು ಮಾಡಿಗೆ ಖರ್ಚು ಮಾಡಿ. ಸೋರುವುದನ್ನು ನಿಲ್ಲಿಸಿ, ತಾರಸಿಯ ಮೇಲೆ ಹಂಚಿನ ಇನ್ನೊಂದು ಮಾಡು ಹಾಕಿಸಿ, ಸಾಧ್ಯವಾದರೆ ಶಾಖ ತಡೆಯುವ ಪದರವನ್ನೂ ಹಾಕಿಸಿ. ಇಳಿಸಿದ ಹಳೆ ಹಂಚನ್ನು ಎಸೆಯಬೇಡಿ. ಲಾರಿ ಬೇಕರ್ ಅವರು ಕೇರಳದಲ್ಲಿ ಅಂಥ ಹಂಚುಗಳನ್ನು ತಾರಸಿಯ ಕಾಂಕ್ರೀಟಿನೊಳಗೇ ಇಟ್ಟು ಮನೆ ಕಟ್ಟಿಸಿದ್ದಾರೆ.

ಗಾಳಿಗೆ ಎದುರು ಬದುರು ಗೋಡೆಗಳಲ್ಲಿ ಒಂದು ಕಿಂಡಿ ಕೆಳಗೆ, ಒಂದು ಮೇಲೆ ಬೇಕು, ಎರಡಕ್ಕೂ ಸೊಳ್ಳೆ ಬಲೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೂ ಇದು ಕೆಲಸ ಮಾಡುತ್ತದೆ. ಅಡಿಗೆಮನೆಗೂ ಬಚ್ಚಲಿಗೂ ಹೊರಗೆ ತಳ್ಳುವ ಫ್ಯಾನು. ಇಷ್ಟಾದ ಮೇಲೆ ಹೀಟ್ ಪಂಪ್, ಅದೂ ಇಡೀ ಮನೆಗಲ್ಲ, ವಯಸ್ಸಾದವರೋ ಬಾಣಂತಿಯೋ ಮಲಗುವ ಒಂದು ಕೋಣೆಗೆ ಸಾಕು.

ನಾವು ಕಂಡಂತೆ ಈ ಕಡೆಯ ಹಾಡಿಗಳಲ್ಲಿ ಸರ್ಕಾರದ ತಾರಸಿ ಮನೆಗಳ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದೆಸಿದ ಸಣ್ಣ ಚಪ್ಪರಗಳಿವೆ. ನಕ್ಷೆ ಬರೆದವರು ಒಲೆಗೆ ಜಾಗ ಕೊಡಲಿಲ್ಲ, ಹೊಗೆಗೆ ದಾರಿ ಬಿಡಲಿಲ್ಲ. ಒಲೆ ಚಪ್ಪರದಲ್ಲಿದೆ. ಚಳಿಯ ರಾತ್ರಿಗಳಲ್ಲಿ ಅಜ್ಜಿಯಂದಿರು ಮಲಗುವುದೂ ಅಲ್ಲೇ, ತಾರಸಿ ಮನೆಯೊಳಗಲ್ಲ.