ಮಾರ್ಮಗೋವಾ ಬಂದರು ಮತ್ತು ಭೀಮಾ-ಕೃಷ್ಣೆಗಳ ನಡುವಣ ನಾಲ್ಕು ತಾಲೂಕುಗಳು

ರೇಲ್ವೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಹಳಿಯ ಉದ್ದವನ್ನೂ ತೊಡಗಿಸಿದ ಬಂಡವಾಳವನ್ನೂ ಎಣಿಸಿ ತೃಪ್ತರಾಗುವರು. ಆ ಹಳಿ ಯಾವ ರೈತನನ್ನು ಯಾವ ಬಂದರಿಗೆ ಸಮೀಪಗೊಳಿಸಿತೆಂಬ ಪ್ರಶ್ನೆ ಹಿಂದುಳಿಯುತ್ತದೆ. ಸದರನ್ ಮರಾಠಾ ರೇಲ್ವೆಯನ್ನೂ ಅದರ ಕಡಲ ತುದಿಯಾದ ಮಾರ್ಮಗೋವಾವನ್ನೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ದೃಷ್ಟಿಯಿಂದ ನಾವು ಇಲ್ಲಿ ಪರಿಶೀಲಿಸುವೆವು.

1876-78ರ ಘೋರ ಕ್ಷಾಮವು ಅಂದಿನ ಕಲಾದಗಿ ಜಿಲ್ಲೆಯನ್ನು ತತ್ತರಗೊಳಿಸಿತು. ಹೊರಗಿನಿಂದ ಧಾನ್ಯ ತರಲು ಚಕ್ಕಡಿಯೇ ಮುಖ್ಯ ಸಾಧನ. ಮೇವು-ನೀರಿಲ್ಲದೆ ಎತ್ತುಗಳು ಸಾಯುತ್ತಿರಲು ಆ ಸಾಧನವೂ ಕುಂದಿತು. ಈ ಕಹಿ ಅನುಭವದ ತರುವಾಯ ಕ್ಷಾಮರಕ್ಷಣೆಯ ಉದ್ದೇಶದಿಂದ ಹೊಟಗಿ-ಗದಗ ಮಾರ್ಗವು ರೂಪುಗೊಂಡಿತು. 1882ರಲ್ಲಿ ಸ್ಥಾಪಿತವಾದ ಸದರನ್ ಮರಾಠಾ ರೇಲ್ವೆ ಕಂಪನಿಯು 1884ರ ಸುಮಾರಿಗೆ ಮೀಟರ್ ಗೇಜಿನ ಈ ಮಾರ್ಗವನ್ನು ತೆರೆಯಿತು. ಅದು ಭೀಮೆಯನ್ನು ದಾಟಿ ಇಂಡಿ ತಾಲೂಕನ್ನು ಹೊಕ್ಕು, ವಿಜಾಪುರದ ಮೂಲಕ ಬಾಗೇವಾಡಿ ತಾಲೂಕಿಗೆ ಬಂದು, ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟುತ್ತದೆ.

ಅದೇ ಕಾಲಕ್ಕೆ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ಕಾರ್ಯ ನಡೆದಿತ್ತು. 1878ರ ಆಂಗ್ಲ-ಪೋರ್ತುಗೀಜ ಒಪ್ಪಂದದ ಮೇರೆಗೆ ಮಾರ್ಮಗೋವಾದಲ್ಲಿ ಬಂದರೂ ಅಲ್ಲಿಂದ ಘಟ್ಟವೇರುವ ರೇಲ್ವೆಯೂ ನಿರ್ಮಾಣಗೊಂಡವು. 1888ರಲ್ಲಿ ಈ ಹಾದಿ ಕ್ಯಾಸಲ್‌ರಾಕಿನಲ್ಲಿ ಸದರನ್ ಮರಾಠಾ ಹಳಿಗಳನ್ನು ಕೂಡಿತು. ಹಳಿಗಳು ಧಕ್ಕೆಯವರೆಗೂ ಸಾಗಿದ್ದರಿಂದ ಸರಕನ್ನು ಡಬ್ಬಿಯಿಂದ ನೇರವಾಗಿ ಆಗಬೋಟಿಗೆ ಏರಿಸಬಹುದಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಗೋವೆಯ ಮಾರ್ಗದ ಆಡಳಿತವೂ ಸದರನ್ ಮರಾಠಾ ಕಂಪನಿಯ ಕೈಸೇರಿತು.

ಈಗ ನಕ್ಷೆಯನ್ನು ನೋಡೋಣ. ಇಂಡಿಯ ಕಡೆಯಿಂದ ಮುಂಬಯಿಗೆ ಹೋಗುವ ಸರಕನ್ನು ಹೊಟಗಿಯಲ್ಲಿ ಬ್ರಾಡ್ ಗೇಜಿನ ಬಂಡಿಗೆ ಬದಲಾಯಿಸಬೇಕಿತ್ತು. ಗದಗ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಮಾರ್ಮಗೋವಾಕ್ಕೆ ಮಾತ್ರ ಒಂದೇ ಗೇಜಿನ ಅಖಂಡ ಹಾದಿ. ಹೀಗಿದ್ದೂ ಮಾರ್ಮಗೋವಾವು ಮುಂಬಯಿಯ ಪ್ರಾಬಲ್ಯವನ್ನು ಮುರಿಯಲಾರದೆ ಹೋಯಿತು. ಸುಂಕದ ಗಡಿಯನ್ನು ತೊಡೆದಿದ್ದ ಒಪ್ಪಂದವು 1892ರಲ್ಲಿ ಕೊನೆಗೊಂಡಿತು. ಘಟ್ಟದ ಕಡಿದಾದ ಏರಿಳಿತವು ಸಾಗಾಣಿಕೆಯ ವೆಚ್ಚವನ್ನು ಹೆಚ್ಚಿಸಿತು. ಎಲ್ಲಕ್ಕೂ ಮಿಗಿಲಾಗಿ ಅರಳೆಯನ್ನು ಕೊಳ್ಳುವ ವರ್ತಕರೂ ಗಿರಣಿಗಳೂ ಹಣಕಾಸಿನ ಪೇಢಿಗಳೂ ಮುಂಬಯಿಯಲ್ಲಿದ್ದವು. ಧಕ್ಕೆಯೊಂದರಿಂದಲೇ ಪೇಟೆ ಹುಟ್ಟುವುದಿಲ್ಲ.

ಆದರೆ ನಾಲ್ಕು ತಾಲೂಕುಗಳ ಪಾಲಿಗೆ ಇದಕ್ಕಿಂತ ಮೂಲಭೂತವಾದ ಅಂತರವೊಂದಿತ್ತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರಿನಲ್ಲಿರುವ ‘ರೋಡ್’ ಶಬ್ದವೇ ಊರು ಹಳಿಯಿಂದ ದೂರವೆಂಬುದನ್ನು ಸಾರುತ್ತದೆ. ಸಿಂದಗಿ, ಮುದ್ದೇಬಿಹಾಳಗಳಿಗಂತೂ ಆ ಭಾಗ್ಯವೂ ಒದಗಲಿಲ್ಲ. ಮಳೆ ಬಿದ್ದರೆ ಎರೆಭೂಮಿಯಲ್ಲಿ ಚಕ್ಕಡಿಯ ಗಾಲಿ ಹೂತುಹೋಗುವುದು. ಅಲ್ಲಿಯ ರೈತನಿಗೆ ಬಂದರಿನ ದೂರವು ರೇಲ್ವೆಯ ಮೈಲುಗಳಲ್ಲಲ್ಲ, ನಿಲ್ದಾಣ ಸೇರಲು ತಗಲುವ ದಿನಗಳಲ್ಲಿ ಅಳೆಯಬೇಕಾದ ವಿಷಯವಾಗಿತ್ತು. ಕ್ಷಾಮಕಾಲದ ಧಾನ್ಯವೂ ನಿಲ್ದಾಣದಿಂದ ಮುಂದಕ್ಕೆ ಇದೇ ಗಾಲಿಯನ್ನು ನಂಬಬೇಕಿತ್ತು.

1955ರಲ್ಲಿ ಗೋವೆಯ ರೇಲ್ವೆ ಸಂಪರ್ಕ ಕಡಿಯಿತು. 1961ರ ವಿಮೋಚನೆಯ ತರುವಾಯ ಅದು ಮತ್ತೆ ಕೂಡಿತು. ಈಗ ಎರಡೂ ಕಡೆ ಬ್ರಾಡ್ ಗೇಜ್ ಹಳಿಗಳಿದ್ದು ಹೊಟಗಿಯ ತೊಡಕು ಇಲ್ಲವಾಗಿದೆ. ಆದರೂ ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಹಳಿ ತಲುಪಿಲ್ಲ. ರೇಲ್ವೆಯ ಚರಿತ್ರೆಯನ್ನು ಧಕ್ಕೆಯಿಂದ ಒಳನಾಡಿಗೆ ಓದುವುದು ವಾಡಿಕೆ. ಅದನ್ನು ರೈತನ ಕಣದಿಂದ ಕಡಲಿನತ್ತ ಓದಿದಾಗಲೇ ಅದರ ಸಾಫಲ್ಯವೂ ಮಿತಿಯೂ ಸ್ಪಷ್ಟವಾಗುವುವೆಂದು ನಮ್ಮ ಅಭಿಪ್ರಾಯ.