ವಾರದ ಮನೆಯಿಂದ ಪೇಯಿಂಗ್ ಗೆಸ್ಟಿನವರೆಗೆ

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ವಯಸ್ಸು ಇಪ್ಪತ್ತಾರು. ಹಬ್ಬಕ್ಕೆಂದು ಮನೆಗೆ ಬಂದಿದ್ದಾಗ, ಮಾತಿನ ನಡುವೆ, "ತಾತ, ಮೈಸೂರಿನಲ್ಲಿ ಓದುವಾಗ ನಿಮ್ಮ ಊಟ ಎಲ್ಲಿ?" ಎಂದು ಕೇಳಿದಳು. "ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಗುರುವಾರ ಮತ್ತೊಂದು" ಎಂದೆ. "ಅಷ್ಟು ಜನ ನೆಂಟರಿದ್ದರೆ?" ಎಂದಳು. ನೆಂಟರಲ್ಲ, ಮೊದಲಿಗೆ ಪರಿಚಿತರೂ ಅಲ್ಲ ಎಂದಾಗ ನಂಬುವುದು ಅವಳಿಗೆ ಕಷ್ಟವಾಯಿತು. ವಾರಾನ್ನವೆಂಬ ಪದವನ್ನೇ ಅವಳು ಕೇಳಿರಲಿಲ್ಲ.

ಅಜ್ಜಂದಿರ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಇರುವ ಅಂತರವನ್ನು ನಾವು ಸಾಮಾನ್ಯವಾಗಿ ಉಡುಪಿನಲ್ಲಿ, ಮಾತಿನಲ್ಲಿ, ಹಿರಿಯರೆದುರಿನ ನಡತೆಯಲ್ಲಿ ಅಳೆಯುತ್ತೇವೆ. ಆ ಅಳತೆಯಿಂದ ದೊರೆಯುವುದು ಬಹುಮಟ್ಟಿಗೆ ನಿಟ್ಟುಸಿರು ಮಾತ್ರ. ಅದಕ್ಕಿಂತ ಸಣ್ಣದೊಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಮೇಲು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮನೆ ಬಿಟ್ಟು ಪಟ್ಟಣಕ್ಕೆ ಬಂದವರಿಗೆ ಅನ್ನವಿಟ್ಟವರು ಯಾರು? ಏನನ್ನು ಕೇಳಿ ಇಟ್ಟರು? ಈ ಪ್ರಶ್ನೆಗೆ ಒಂದೊಂದು ತಲೆಮಾರು ಕೊಡುವ ಉತ್ತರದಲ್ಲಿ ನಮ್ಮ ನಾಡಿನ ಜಾತಿ, ಹೆಣ್ಣಿನ ಸ್ಥಿತಿ, ಸರ್ಕಾರದ ಹೊಣೆ ಇವೆಲ್ಲದರ ಚರಿತ್ರೆಯೂ ಅಡಗಿದೆ.

ವಾರಾನ್ನದ ಕ್ರಮ ಸರಳವಾದುದು. ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು; ವಾರದಲ್ಲಿ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣಬೇಕು. ಏಳು ಮನೆಗಳೂ ದೊರೆಯುವುದು ಅಪರೂಪ. ನನಗೆ 1961ರಲ್ಲಿ ದೊರೆತದ್ದು ಐದು. ಉಳಿದೆರಡು ದಿನ ಊರಿನಿಂದ ತಂದ ಅವಲಕ್ಕಿ. ಅದು ಮುಗಿದ ಮೇಲೆ ನೀರು, ನಿದ್ದೆ. ನನಗಿಂತ ಮುಂಚಿನವರ ಕಾಲದಲ್ಲಿ ಈ ಪದ್ಧತಿ ಇನ್ನೂ ವ್ಯಾಪಕವಾಗಿತ್ತು. ನನ್ನ ಕಾಲಕ್ಕೆ ಅದು ಸಾಯಂಕಾಲದ ಬಿಸಿಲಿನಂತೆ ಜಾರುತ್ತಿತ್ತು. ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ'ಯನ್ನು ಓದಿದವರಿಗೆ ವಾರಾನ್ನದ ಹುಡುಗನ ಪಾಡನ್ನು ನಾನು ವಿವರಿಸಬೇಕಾದುದಿಲ್ಲ. ಇದಕ್ಕೆ ಹತ್ತಿರದ ಇನ್ನೊಂದು ದಾರಿಯೂ ಇತ್ತು: ಮನೆಪಾಠ ಹೇಳಿ ಅನ್ನ, ಆಸರೆ ಪಡೆಯುವುದು. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ದಿನ ಕಳೆದರು.

ಅನ್ನವಿಟ್ಟವರು ಶ್ರೀಮಂತರೆಂದು ಭಾವಿಸಬಾರದು. ಗುಮಾಸ್ತರು, ಮೇಷ್ಟರುಗಳು, ಪುರೋಹಿತರು. ತಿಂಗಳ ಕೊನೆಯಲ್ಲಿ ತಾವೇ ಸಾಲ ಮಾಡುವವರು. ಅಂಥವರು ತಮ್ಮ ಅಳತೆಯ ಅಕ್ಕಿಯಲ್ಲಿ ಒಂದು ಹಿಡಿಯನ್ನು ಹೆರವರ ಮಗನಿಗಾಗಿ ಬೇಯಿಸಿದರು. ಇದು ನಿಜವಾಗಿಯೂ ದೊಡ್ಡದು. ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ಬಾಗಿಲಲ್ಲಿ ನಿಂತವನಿಗೆ ಮೊದಲು ಎದುರಾಗುತ್ತಿದ್ದುದು ಎಲೆಯಲ್ಲ, ಪ್ರಶ್ನೆ: ನೀನು ಯಾರವನು, ಯಾವ ಗೋತ್ರ, ಯಾವ ಪಂಗಡ? ಉತ್ತರ ಸರಿಯಾಗಿದ್ದರೆ ಒಳಗೆ ಜಾಗ. ಆ ಜಾಗವೂ ಮನೆಯ ಮಕ್ಕಳ ಸಾಲಿನಲ್ಲಲ್ಲ, ಕಂಬದ ಪಕ್ಕದಲ್ಲಿ. ಮೊಸರು ಅಲ್ಲಿಯವರೆಗೆ ಬರುವಷ್ಟರಲ್ಲಿ ಮಜ್ಜಿಗೆಯಾಗಿರುತ್ತಿತ್ತು. ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂ ಬಿಡಿಸಿ ತರುವುದು, ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ಇವೆಲ್ಲ ಹೇಳದೆಯೇ ಗೊತ್ತಿದ್ದ ಕರಾರುಗಳು. ಎರಡನೆಯ ಸಲ ಅನ್ನ ಬೇಕೆಂದು ಬಾಯಿಬಿಟ್ಟು ಕೇಳಲು ನಾನು ಮೂರು ವರ್ಷಗಳಲ್ಲಿ ಕಲಿಯಲಿಲ್ಲ.

ಈ ಐದು ಮನೆಗಳಲ್ಲಿ ಮಂಗಳವಾರದ ಮನೆಯನ್ನು ನಾನು ಬೇರೆಯಾಗಿಯೇ ನೆನೆಯುತ್ತೇನೆ. ಆ ಮನೆಯಾಕೆಗೆ ಆಗ ನಲವತ್ತೈದು ದಾಟಿತ್ತು. ಹದಿಮೂರರಲ್ಲಿ ಮದುವೆಯಾಗಿ ಬಂದವರು. ಅದು 1929ರ ಶಾರದಾ ಕಾನೂನಿಗೆ ಮುಂಚಿನ ಮಾತು. ಮೈಸೂರು ಸಂಸ್ಥಾನದಲ್ಲಿ ಆಗ ಇದ್ದುದು 1894ರ ಬಾಲ್ಯವಿವಾಹ ಪ್ರತಿಬಂಧಕ ಕಾನೂನು. ಅದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದ ಗಂಡಿಗೆ ಕೊಡುವುದನ್ನೂ ತಡೆದಿತ್ತು. ಅಂದಿಗೆ ಅದೇ ಧೀರ ಹೆಜ್ಜೆ. ಹದಿಮೂರರ ಮದುವೆಗೆ ಅದರಿಂದ ಅಡ್ಡಿಯಿರಲಿಲ್ಲ. ಆಕೆಯ ಓದು ಅಲ್ಲಿಗೇ ನಿಂತಿತು. ನನ್ನ ಊಟವಾದ ಮೇಲೆ ವಾರಪತ್ರಿಕೆಯೊಂದನ್ನು ತಂದು ಮುಂದಿಟ್ಟು, "ಆ ಕಥೆ ಏನಾಯಿತು, ಓದಪ್ಪ" ಎನ್ನುತ್ತಿದ್ದರು. ಕೂಡಿಸಿ ಓದಲು ಆಕೆಗೆ ಬರುತ್ತಿತ್ತು. ಆದರೆ ಪುಟ ಮುಗಿಯುವಷ್ಟರಲ್ಲಿ ಒಲೆ ಕರೆಯುತ್ತಿತ್ತು. ವಾರಾನ್ನದ ಪುಣ್ಯ ಮನೆಯ ಯಜಮಾನರದೆಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಹೊಗೆಯ ಮುಂದೆ ಕುಳಿತು ಆ ಹೆಚ್ಚಿನ ಅನ್ನ ಬೇಯಿಸಿದ ಕೈ ಯಾರದೆಂಬುದನ್ನು ನಾನು ಬಹಳ ತಡವಾಗಿ ಯೋಚಿಸಿದೆ.

ಇನ್ನು, ಆ ಬಾಗಿಲುಗಳು ಯಾರಿಗೆ ತೆರೆಯಲಿಲ್ಲವೋ ಅವರ ಮಾತು. ನಾನು ಮೈಸೂರಿಗೆ ಬಂದ ಬಸ್ಸಿನಲ್ಲೇ ನನ್ನೂರಿನ ರೈತ ಮನೆತನದ ಗೆಳೆಯನೊಬ್ಬ ಬಂದಿದ್ದ. ಓದಿನಲ್ಲಿ ನನಗಿಂತ ಮುಂದಿದ್ದವನು. ಅವನು ಇನ್ನಿಬ್ಬರೊಡನೆ ಕೋಣೆ ಹಿಡಿದು, ಊರಿನಿಂದ ಬರುವ ರಾಗಿಹಿಟ್ಟಿನಲ್ಲಿ ಮುದ್ದೆ ಬೇಯಿಸಿಕೊಳ್ಳುತ್ತಿದ್ದ. ಹಿಟ್ಟು ಗುರುವಾರದ ಹೊತ್ತಿಗೆ ಮುಗಿಯುತ್ತಿತ್ತು. ಬಸ್ಸು ಶನಿವಾರ ಬರುತ್ತಿತ್ತು. ಗುರುವಾರ ಸಂಜೆ ಅಗ್ರಹಾರದ ಬೀದಿಯ ತುದಿಯವರೆಗೆ ನನ್ನೊಡನೆ ಮಾತನಾಡುತ್ತ ಬಂದು, ಅಲ್ಲಿಂದ ಹಿಂದಿರುಗುತ್ತಿದ್ದ. ಊಟವಾಯಿತೇ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಏನು ಮಾಡಬೇಕಾಗುತ್ತಿತ್ತೆಂಬ ಭಯದಿಂದಲೇ ಕೇಳಲಿಲ್ಲವೇನೋ. ವರ್ಷದ ಕೊನೆಗೆ ಅವನು ಕಾಲೇಜು ಬಿಟ್ಟ. ಹಸಿವಿನಿಂದಲೇ ಬಿಟ್ಟನೆಂದು ಹೇಳಲಾರೆ. ಆದರೆ ನನಗಿದ್ದ ಐದು ಬಾಗಿಲುಗಳಲ್ಲಿ ಒಂದೂ ಅವನಿಗಿರಲಿಲ್ಲವೆಂಬುದನ್ನು ಬಲ್ಲೆ.

ಈ ಕೊರತೆಯನ್ನು ಅರಿತವರು ಬಹು ಹಿಂದಿನಿಂದಲೂ ಇದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲೇ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದು, ತಮ್ಮ ಜಾತಿಯವರ ಬಹಿಷ್ಕಾರವನ್ನು ಉಂಡರು. ಮೈಸೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಮತ್ತು ತಲಕಾಡು ರಂಗೇಗೌಡರು ಆ ಮಕ್ಕಳ ಊಟ, ವಸತಿ, ಓದಿಗಾಗಿ ದುಡಿದರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ, ಮೈಸೂರಿನಲ್ಲಿ ಸುತ್ತೂರು ಮಠ ಹಳ್ಳಿಯ ಹುಡುಗರಿಗೆ ಪ್ರಸಾದನಿಲಯಗಳನ್ನು ತೆರೆದವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಸುಮಾರು 10,000 ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ತಾಯಂದಿರು ಕಂಡುಕೊಂಡ ದಾರಿ ಬೇರೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಬುತ್ತಿ ಬೆಳಗಿನ ಬಸ್ಸೇರಿ ಪಟ್ಟಣ ಸೇರುತ್ತಿತ್ತು. ನಿಲ್ದಾಣದಲ್ಲಿ ಮಗ ಕಾಯುತ್ತಿದ್ದ.

1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಮೈಸೂರು ಸರ್ಕಾರ ನೇಮಿಸಿದ ಸಮಿತಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ವಿಚಾರಿಸಿತು. ನೌಕರಿಗೆ ಮುಂಚೆ ಓದು ಬೇಕು, ಓದಿಗೆ ಮುಂಚೆ ಅನ್ನ ಬೇಕು ಎಂಬ ತರ್ಕ ಪೂರ್ಣಗೊಳ್ಳಲು ಇನ್ನೂ ಅರ್ಧ ಶತಮಾನ ಹಿಡಿಯಿತು. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ, ಹಾವನೂರರ ಆಯೋಗ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟಿತು. ಆ ದಶಕದಲ್ಲಿ ಸರ್ಕಾರಿ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ಅಲ್ಲಿಯ ಸಾರು ತಿಳಿ, ಅನ್ನದಲ್ಲಿ ಕಲ್ಲು ಎಂಬುದು ಎಲ್ಲರೂ ಬಲ್ಲ ದೂರು. ಆದರೆ ಗಮನಿಸಬೇಕಾದುದು ಆ ದೂರನ್ನೇ. ವಾರದ ಮನೆಯ ಅನ್ನದಲ್ಲಿ ಕಲ್ಲಿದ್ದರೆ ನಾನು ನುಂಗುತ್ತಿದ್ದೆ. ಹಾಸ್ಟೆಲಿನ ಹುಡುಗ ತಟ್ಟೆ ಹಿಡಿದು ಅಧಿಕಾರಿಯ ಮುಂದೆ ನಿಲ್ಲಬಲ್ಲವನಾಗಿದ್ದ. ಅನ್ನ ದಾನವಾಗಿದ್ದುದು ಹಕ್ಕಾಯಿತು. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬರುವ ಹಾಸ್ಟೆಲು ಬರಿಯ ಊಟದ ಜಾಗವಲ್ಲ. ಒಂದು ತಲೆಮಾರಿನ ತರುಣರು ಓದಿ, ವಾದಿಸಿ ದನಿ ಕಂಡುಕೊಂಡ ಜಾಗ. 2013ರಲ್ಲಿ ಬಂದ 'ವಿದ್ಯಾಸಿರಿ' ಯೋಜನೆ ಹಾಸ್ಟೆಲಿನಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟವಸತಿಗೆಂದು ತಿಂಗಳಿಗೆ 1,500 ರೂಪಾಯಿ ಕೊಡಲಾರಂಭಿಸಿತು.

ಇಷ್ಟು ಹೊತ್ತೂ ನಾನು ಹುಡುಗರ ಮಾತನ್ನೇ ಆಡಿದೆ. ಅದು ನನ್ನ ಮರೆವಲ್ಲ, ಚರಿತ್ರೆಯ ಮರೆವು. ವಾರದ ಮನೆಯಲ್ಲಿ ಉಂಡು ಓದಿದ ಹೆಣ್ಣುಮಗಳೊಬ್ಬಳನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಮೈಸೂರಿನಲ್ಲಿ ಮಹಾರಾಣಿಯವರ ಶಾಲೆ 1881ರಷ್ಟು ಹಿಂದೆಯೇ ಆರಂಭವಾದರೂ, ಹಳ್ಳಿಯ ಬಡ ಹುಡುಗಿ ಒಬ್ಬಳೇ ಬಂದು ಪಟ್ಟಣದಲ್ಲಿ ನಿಲ್ಲುವ ದಾರಿಯಿರಲಿಲ್ಲ. ಮದುವೆಯ ವಯಸ್ಸು ಕಾನೂನಿನಲ್ಲಿ 1929ರಲ್ಲಿ ಹದಿನಾಲ್ಕಾಗಿ, 1978ರಲ್ಲಿ ಹದಿನೆಂಟಾಯಿತು. ಹೀಗೆ ಮುಂದೆ ಸರಿದ ವರ್ಷಗಳು ಹೆಣ್ಣುಮಕ್ಕಳಿಗೆ ಹೊಸದಾಗಿ ದೊರೆತ ಆಯುಷ್ಯವೆಂದೇ ಹೇಳಬೇಕು. ತಾರುಣ್ಯವೆಂಬ ಘಟ್ಟವೇ ಮಂಗಳವಾರದ ಮನೆಯಾಕೆಗೆ ಇರಲಿಲ್ಲ. ಬಾಲ್ಯದಿಂದ ನೇರವಾಗಿ ಅಡಿಗೆಮನೆ. ನನ್ನ ಮೊಮ್ಮಗಳಿಗೆ ಅದು ಇದೆ.

ಅವಳಿರುವುದು ಪಿ.ಜಿ.ಯಲ್ಲಿ. ಪೇಯಿಂಗ್ ಗೆಸ್ಟ್ ಎಂದರೆ ಹಣ ತೆರುವ ಅತಿಥಿ. ನಮ್ಮ ಭಾಷೆಯಲ್ಲಿ ಈ ಎರಡು ಪದಗಳು ಒಂದರ ಪಕ್ಕದಲ್ಲೊಂದು ಕೂರಲಾರವು; ಹಣ ತೆತ್ತವನು ಅತಿಥಿಯಲ್ಲ, ಅತಿಥಿಯಾದವನು ಹಣ ತೆರುವುದಿಲ್ಲ. ಅಲ್ಲಿ ಯಾರೂ ಅವಳ ಗೋತ್ರ ಕೇಳಲಿಲ್ಲ. ಆಧಾರ್ ಚೀಟಿಯನ್ನೂ ಮುಂಗಡವನ್ನೂ ಕೇಳಿದರು. ರುಚಿಸದಿದ್ದರೆ ಫೋನಿನಲ್ಲಿ ಬೇರೆ ಊಟ ತರಿಸುತ್ತಾಳೆ. ತಂದುಕೊಟ್ಟವನಿಗೆ ಅವಳ ಹೆಸರಷ್ಟೇ ಗೊತ್ತು. ಅವನೂ ಅವಳದೇ ವಯಸ್ಸಿನವನು, ಅವನೂ ಯಾವುದೋ ಊರು ಬಿಟ್ಟು ಬಂದವನು. ಅವಳು ಯಾರ ಋಣದಲ್ಲೂ ಇಲ್ಲ. ಕಂಬದ ಪಕ್ಕದಲ್ಲಿ ಕುಳಿತು ಉಂಡ ನನಗೆ ಇದು ಎಷ್ಟು ದೊಡ್ಡ ಬಿಡುಗಡೆಯೆಂಬುದು ಗೊತ್ತು. ಹಳೆಯ ಕಾಲವೇ ಚೆನ್ನಾಗಿತ್ತೆನ್ನುವವರು ಒಂದು ವಾರ ಅನ್ಯರ ಮನೆಯ ನಡುಮನೆಯಲ್ಲಿ ಕಾದು ನೋಡಲಿ.

ಆದರೂ ಒಂದು ಮಾತು ಉಳಿಯುತ್ತದೆ. ಒಂದು ಮಂಗಳವಾರ ಜ್ವರ ಬಂದು ನಾನು ಊಟಕ್ಕೆ ಹೋಗಲಿಲ್ಲ. ಕತ್ತಲಾಗುವ ಮುಂಚೆ ಆ ಮನೆಯ ಚಿಕ್ಕ ಹುಡುಗ ನನ್ನ ಕೋಣೆ ಹುಡುಕಿಕೊಂಡು ಬಂದ. ಕೈಯಲ್ಲಿ ಗಂಜಿಯ ಪಾತ್ರೆ. ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರು ಇದ್ದರು. ಇಂದಿನ ವ್ಯವಸ್ಥೆಯಲ್ಲಿ ಎಲ್ಲಕ್ಕೂ ಬೆಲೆಯಿದೆ. ಈ ಒಂದು ಕೇಳುವಿಕೆ ಮಾತ್ರ ಕರಾರಿನಲ್ಲಿಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಬಂದು ಊರೆಲ್ಲ ಮುಚ್ಚಿದಾಗ ಬೆಂಗಳೂರಿನ ಎಷ್ಟೋ ಪಿ.ಜಿ.ಗಳು ಬಾಗಿಲು ಹಾಕಿದವು. ಹಣ ತೆರುವ ಅತಿಥಿಗಳು ಚೀಲ ಹಿಡಿದು ರಸ್ತೆಯಲ್ಲಿ ನಿಂತರು. ಆಗ ವಿದ್ಯಾರ್ಥಿನಿಯಾಗಿದ್ದ ನನ್ನ ಮೊಮ್ಮಗಳೂ ಅವರಲ್ಲೊಬ್ಬಳು.

ಇದನ್ನು ನಾನು ಅವಳ ಮುಂದೆ ಸ್ವಲ್ಪ ಜಂಭದಿಂದಲೇ ಹೇಳಿದೆ. ಅವಳು ಕೇಳಿಕೊಂಡು, "ತಾತ, ಹೋದ ವರ್ಷ ನನಗೆ ಡೆಂಗೆ ಜ್ವರ ಬಂದಿತ್ತಲ್ಲ, ಮನೆಗೆ ತಿಳಿಸಿದ್ದು ಮೂರನೆಯ ದಿನ. ಮೊದಲ ಎರಡು ದಿನ ನೋಡಿಕೊಂಡವಳು ಪಕ್ಕದ ಮಂಚದ ಹುಡುಗಿ" ಎಂದಳು. ಆ ಹುಡುಗಿ ಅಸ್ಸಾಮಿನವಳು, ಕನ್ನಡ ಬಾರದವಳು. ನೀರು ಕಾಯಿಸುವ ವಿದ್ಯುತ್ ಪಾತ್ರೆಯಲ್ಲಿ ಅನ್ನ ಬೇಯಿಸಿ ಗಂಜಿ ಮಾಡಿಕೊಟ್ಟಳಂತೆ. "ಅವಳು ಯಾವ ಜನ?" ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿತ್ತು, ಅರವತ್ತು ವರ್ಷಗಳ ಅಭ್ಯಾಸ. ನುಂಗಿಕೊಂಡೆ. ಮೊಮ್ಮಗಳಿಗೆ ಅದು ಗೊತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಹಾಗಾದರೆ ಗಂಜಿಯ ಪಾತ್ರೆ ಇಲ್ಲವಾಗಿಲ್ಲ. ಅದನ್ನು ಹಿಡಿದ ಕೈ ಬದಲಾಗಿದೆ. ನಮಗೆ ಹಿರಿಯರು ಇಟ್ಟರು, ನಮ್ಮವರೆಂದು ತಿಳಿದು ಇಟ್ಟರು. ಇವರಿಗೆ ಓರಗೆಯವರು ಇಡುತ್ತಾರೆ, ಯಾರೆಂದು ಕೇಳದೆ ಇಡುತ್ತಾರೆ. ಅಗ್ರಹಾರದ ಬೀದಿಯ ತುದಿಯಿಂದ ಹಿಂದಿರುಗಿದ ಗೆಳೆಯನಿಗೆ ನಾನು ಮಾಡಲಾರದೆ ಹೋದುದನ್ನು ಆ ಹುಡುಗಿ ಯಾರ ಅಪ್ಪಣೆಯೂ ಇಲ್ಲದೆ ಮಾಡಿದಳು. ನನ್ನ ತಲೆಮಾರಿನವರು ಮೊಮ್ಮಕ್ಕಳಿಗೆ ಬುದ್ಧಿ ಹೇಳುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾವು ಮಾಡಬಹುದಾದ ಕೆಲಸವೂ ಒಂದಿದೆ. ಪಟ್ಟಣಗಳಲ್ಲಿ ನಮ್ಮ ನಮ್ಮ ಬೀದಿಗಳಲ್ಲೇ ಇಂಥ ಮಕ್ಕಳು ನೂರಾರು ಮಂದಿ ಇದ್ದಾರೆ. ಅವರಿಗೆ ನಮ್ಮ ಅನ್ನದ ಅಗತ್ಯವಿಲ್ಲದಿರಬಹುದು. ಎರಡು ದಿನ ಕಾಣದಿದ್ದರೆ ಏಕೆ ಕಾಣಲಿಲ್ಲವೆಂದು ಕೇಳುವುದಕ್ಕೆ ಮಂಗಳವಾರದ ಮನೆಯಾಕೆ ಯಾರ ಅನುಮತಿಯನ್ನೂ ಬೇಡಿರಲಿಲ್ಲ.